ಸೌಂಡ್ ರೆಕಾರ್ಡಿಸ್ಟ್‌ಗೆ ಮುಂಗಡ ಕೊಡುವ ಮೊದಲು ಇದನ್ನು ಓದಿ

ಕಾಸರಗೋಡಿನ ಕಡೆ ಸಣ್ಣ ಬಜೆಟ್ಟಿನಲ್ಲಿ ಸಿನಿಮಾ ಮಾಡಲು ಹೊರಟವರಿಗಾಗಿ ಬರೆಯುತ್ತಿದ್ದೇನೆ. "ಸೌಂಡಿನ ಚಿಂತೆ ಬೇಡ, ಎಡಿಟಿಂಗ್‌ನಲ್ಲಿ ಎಲ್ಲ ಸರಿಮಾಡಬಹುದು" ಅನ್ನುವವರನ್ನು ದಯವಿಟ್ಟು ನಂಬಬೇಡಿ. ನಮಗೆ ಹಾಗೆ ಹೇಳಿದ ರೆಕಾರ್ಡಿಸ್ಟ್ ದುಡ್ಡು ಪೂರ್ತಿ ತೆಗೆದುಕೊಂಡರು. ನಮ್ಮ ಸಿನಿಮಾದ ಮಾತೆಲ್ಲ ಹಾಳಾಯಿತು.

ಅವರು ಹೆಡ್‌ಫೋನ್ ಹಾಕುತ್ತಲೇ ಇರಲಿಲ್ಲ. ಕೇಳಿದರೆ "ಮೀಟರ್ ನೋಡ್ತಾ ಇದ್ದೇನಲ್ಲ" ಅನ್ನುತ್ತಿದ್ದರು. ಗಾಳಿಯ ಗುಡುಗುಡು, ಬಟ್ಟೆ ಉಜ್ಜುವ ಸದ್ದು ಮೀಟರಿನಲ್ಲಿ ಗೊತ್ತಾಗುತ್ತದೆಯೇ? ರೆಕಾರ್ಡರ್ ಬೇರೆ ಆಟೋ ಲೆವೆಲ್‌ನಲ್ಲಿತ್ತು. ಮಾತು ನಿಂತರೆ ಅದು ಲೆವೆಲ್ ಏರಿಸುತ್ತದೆ, ಮಾತು ಶುರುವಾದರೆ ಇಳಿಸುತ್ತದೆ. ಬದಿಯಡ್ಕದ ಅಡಿಕೆ ತೋಟದಲ್ಲಿ ಚಿತ್ರೀಕರಿಸಿದ್ದರಲ್ಲಿ ಎರಡು ಮಾತಿನ ನಡುವೆ ಜೀರುಂಡೆ ಕಿರುಚುತ್ತದೆ, ಮತ್ತೆ ಅಡಗುತ್ತದೆ. ಬೇಕಲದ ಕಡಲ ಬದಿಯಲ್ಲಿ ಮೈಕಿಗೆ ಬರೀ ಸ್ಪಂಜು. ಆ ಗಾಳಿಗೆ ತುಪ್ಪಳದ ಹೊದಿಕೆಯೇ ಬೇಕು.

ಜಾಸ್ತಿ ಸಂಕಟವಾಗಿದ್ದು ಅಜ್ಜಿಯ ದೃಶ್ಯದಲ್ಲಿ. ಎಂದೂ ನಟಿಸದ ಅವರು ಮಗನ ಮೇಲೆ ರೇಗಿದ್ದು ನೋಡಿ ನಾವೆಲ್ಲ ಸ್ತಬ್ಧರಾಗಿದ್ದೆವು. ರೆಕಾರ್ಡಿಂಗ್‌ನಲ್ಲಿ ಆ ಮಾತೆಲ್ಲ ಒಡೆದು ಹೋಗಿದೆ. ಲೆವೆಲ್ ಮಿತಿ ಮೀರಿ ಹಾಗೆ ಒಡೆದದ್ದನ್ನು ಯಾವ ಸಾಫ್ಟ್‌ವೇರೂ ಮೊದಲಿನಂತೆ ಮಾಡಲಾರದು. ಡಬ್ಬಿಂಗಿಗೆ ಕೂರಿಸಿದರೆ ಅಜ್ಜಿ ಪಾಠ ಒಪ್ಪಿಸುವಂತೆ ಹೇಳಿದರು. ಶಿರಸಿ ಕಡೆಯ ಕಲಾವಿದೆಯೊಬ್ಬರು ಪ್ರೀತಿಯಿಂದ ದನಿ ಕೊಟ್ಟರು. ನಮ್ಮ ಸಿನಿಮಾದಂತೆ ಅವರ ಮಾತೂ ಹವ್ಯಕ ಕನ್ನಡವೇ, ಆದರೆ ನಮ್ಮ ಕುಂಬಳೆ ಸೀಮೆಯ ಧಾಟಿಯೇ ಬೇರೆ ಅಲ್ವಾ? ನಮ್ಮೂರಿನವರಿಗೆ ಅದು ಕೇಳಿದ ಕೂಡಲೇ ಗೊತ್ತಾಗುತ್ತದೆ.

ಯಾರನ್ನೇ ಕರೆಯಿರಿ, ಮೊದಲು ಚಿತ್ರೀಕರಣದ ಜಾಗದಲ್ಲೇ ಸ್ವಲ್ಪ ರೆಕಾರ್ಡ್ ಮಾಡಿಸಿ, ನೀವೇ ಹೆಡ್‌ಫೋನ್ ಹಾಕಿ ಕೇಳಿ. ಆಟೋ ಲೆವೆಲ್ ಬಂದ್ ಇರಲಿ. ಜೋರಾದ ಮಾತೂ ಮೀಟರಿನಲ್ಲಿ ಮೈನಸ್ 12 ಡಿಬಿ (ಡೆಸಿಬೆಲ್) ಆಸುಪಾಸಿನಲ್ಲಿ ನಿಲ್ಲಲಿ; ಸೊನ್ನೆಯೇ ಮಿತಿ, ಅದನ್ನು ಮೀರಿದರೆ ಮಾತು ಒಡೆಯುತ್ತದೆ. ಉದ್ದ ಕೋಲಿಗೆ ಕಟ್ಟಿದ ಬೂಮ್ ಮೈಕ್ ಫ್ರೇಮಿನ ಅಂಚಿನವರೆಗೂ ಬರಲಿ; ದೂರ ಎರಡು ಪಟ್ಟಾದರೆ ಬಯಲಿನಲ್ಲಿ ಮಾತು 6 ಡಿಬಿಯಷ್ಟು ಇಳಿಯುತ್ತದೆ, ಸುತ್ತಲಿನ ಗದ್ದಲ ಇಳಿಯುವುದಿಲ್ಲ. ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ನೆ ನಿಂತು ಅರ್ಧ ನಿಮಿಷ ಅಲ್ಲಿನ ಸದ್ದನ್ನಷ್ಟೇ ಹಿಡಿಯಿರಿ. ಮಾತು ಕತ್ತರಿಸಿದ ಕಡೆ ತುಂಬಲು ಅದೇ ಬೇಕಾಗುತ್ತದೆ.

48 ಕಿಲೋಹರ್ಟ್ಜ್, 24 ಬಿಟ್‌ನ ವೇವ್ ಫೈಲ್‌ಗಳನ್ನು ಅದೇ ಸಂಜೆ ನಿಮ್ಮ ಹಾರ್ಡ್ ಡಿಸ್ಕಿಗೆ ಹಾಕಿಸಿಕೊಳ್ಳಿ. ನಮಗೆ ಕೊನೆಗೆ ಸಿಕ್ಕಿದ್ದು ಗುಣಮಟ್ಟ ಕಳೆದು ಕುಗ್ಗಿಸಿದ ಎಂಪಿ3 ಮಾತ್ರ. ಮೂಲ ಫೈಲ್ ಕೇಳಿದರೆ, ಕಾರ್ಡ್ ಖಾಲಿ ಮಾಡಿ ಬೇರೆ ಕೆಲಸಕ್ಕೆ ಕೊಂಡೊಯ್ದಿದ್ದೇನೆ ಅಂದರು. ಕೊನೆಯ ಕಂತಿನ ದುಡ್ಡನ್ನು ಫೈಲ್‌ಗಳನ್ನೆಲ್ಲ ಕೇಳಿ ನೋಡಿದ ಮೇಲೆಯೇ ಕೊಡುವುದೆಂದು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ.