ಆರು ಜನರ ಟೆಂಟಿನಲ್ಲಿ ನಾಲ್ವರು: ಕಡಿಮೆ ಬೆಲೆಯ ಡೋಮ್ ಟೆಂಟ್ ಒಂದರ ವಿಮರ್ಶೆ

ಟೆಂಟಿನ ಚೀಲದ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಾಗಿರುವ ‘6 ಜನರಿಗೆ’ ಎಂಬ ಮಾತನ್ನು ನಂಬಿ ಆರು ಜನ ಒಳಗೆ ಮಲಗಲು ಹೊರಟರೆ, ನಡುರಾತ್ರಿಯಲ್ಲಿ ಒಬ್ಬರು ಮಗ್ಗುಲು ಬದಲಿಸಿದಾಗ ಉಳಿದ ಐವರೂ ಎಚ್ಚರಗೊಳ್ಳಬೇಕಾಗುತ್ತದೆ. ತಯಾರಕರು ಈ ಸಂಖ್ಯೆಗೆ ಬರುವ ದಾರಿ ಬಹಳ ಸರಳವಾದದ್ದು. ಒಬ್ಬರು ಮಲಗುವಷ್ಟು ಅಗಲದ ಕಿರಿದಾದ ಹಾಸುಗಳು ಪಕ್ಕಪಕ್ಕದಲ್ಲಿ ಎಷ್ಟು ಹಿಡಿಸುತ್ತವೆ ಎಂದು ನೋಡಿ ಅಷ್ಟನ್ನೇ ಬರೆಯುತ್ತಾರೆ. ಬ್ಯಾಗು, ಬೂಟು, ನೀರಿನ ಕ್ಯಾನುಗಳು ಆ ಲೆಕ್ಕದಲ್ಲಿ ಇರುವುದಿಲ್ಲ. ನಮ್ಮ ಕುಟುಂಬ ಬಳಸುತ್ತಿರುವ ಟೆಂಟಿನ ನೆಲ 300 ಸೆಂ.ಮೀ. ಉದ್ದ, 275 ಸೆಂ.ಮೀ. ಅಗಲವಿದೆ. 300 ಸೆಂ.ಮೀ.ಯನ್ನು ಆರು ಜನಕ್ಕೆ ಹಂಚಿದರೆ ತಲೆಗೆ ಸಿಗುವುದು 50 ಸೆಂ.ಮೀ. ಮಾತ್ರ. ಅದೇ ಜಾಗವನ್ನು ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಹಂಚಿಕೊಂಡಾಗ ಒಬ್ಬೊಬ್ಬರಿಗೆ 75 ಸೆಂ.ಮೀ. ಸಿಗುತ್ತದೆ, ಕಾಲಿನ ಬದಿಯಲ್ಲಿ ಎಲ್ಲರ ಬ್ಯಾಗುಗಳನ್ನು ಸಾಲಾಗಿ ಇಡುವಷ್ಟು ಜಾಗವೂ ಉಳಿಯುತ್ತದೆ. ಆದ್ದರಿಂದ ಟೆಂಟಿನ ಮೇಲೆ ಬರೆದ ಸಂಖ್ಯೆಯಿಂದ ಎರಡನ್ನು ಕಳೆದು ಲೆಕ್ಕ ಹಾಕುವುದು ಕುಟುಂಬಸ್ಥರಿಗೆ ಕ್ಷೇಮ.

ಒಳಗಿನ ಎತ್ತರ ನಡುಮಧ್ಯದಲ್ಲಿ 180 ಸೆಂ.ಮೀ. ಇದೆ ಎಂಬುದು ನಿಜವಾದರೂ, ಡೋಮ್ ಆಕಾರದ ಗೋಡೆಗಳು ಬುಡದಿಂದಲೇ ಒಳಕ್ಕೆ ಬಾಗುವುದರಿಂದ ಆ ಎತ್ತರ ಸಿಗುವುದು ಒಬ್ಬರು ನಿಲ್ಲುವಷ್ಟು ಜಾಗದಲ್ಲಿ ಮಾತ್ರ. ಮಕ್ಕಳಿಗೆ ಬಟ್ಟೆ ಬದಲಿಸಲು ಅಷ್ಟು ಸಾಕು. ಅಂಚಿನಲ್ಲಿ ಮಲಗುವವರ ಮುಖಕ್ಕೆ ಗೋಡೆ ತೀರ ಹತ್ತಿರ ಬರುವುದರಿಂದ ಆ ಜಾಗಗಳನ್ನು ಮಕ್ಕಳಿಗೆ ಕೊಡುವುದೇ ವಾಸಿ.

ಅಗ್ಗದ ಟೆಂಟುಗಳ ನಿಜವಾದ ಪರೀಕ್ಷೆ ನಡೆಯುವುದು ಮಳೆಯಲ್ಲಿ. ಇಲ್ಲಿ ಮೊದಲು ನೋಡಬೇಕಾದದ್ದು ರೇನ್‌ಫ್ಲೈ ಎಂದು ಕರೆಯುವ ಮೇಲುಹೊದಿಕೆ ಎಲ್ಲಿಯವರೆಗೆ ಇಳಿದಿದೆ ಎಂಬುದನ್ನು. ಹಣ ಉಳಿಸುವ ಸಲುವಾಗಿ ಹಲವು ತಯಾರಕರು ಇದನ್ನು ಟೆಂಟಿನ ನೆತ್ತಿಗೆ ಟೋಪಿ ಹಾಕಿದಂತೆ ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ. ನೇರವಾಗಿ ಸುರಿಯುವ ಮಳೆಗೆ ಅದು ಸಾಕು, ಗಾಳಿಯ ಜೊತೆ ಓರೆಯಾಗಿ ಬೀಸುವ ಇರಚಲಿಗೆ ಸಾಲದು. ನಮ್ಮ ಟೆಂಟಿನಲ್ಲಿ ಹೊದಿಕೆ ಮೂರು ಬದಿಗಳಲ್ಲಿ ನೆಲದ ಹತ್ತಿರದವರೆಗೆ ಇಳಿದಿದೆ, ಹಿಂಬದಿಯ ಕಿಟಕಿಯ ಮೇಲೆ ಮಾತ್ರ ಗೇಣುದ್ದದ ಸೂರಿನಂತೆ ನಿಂತುಬಿಟ್ಟಿದೆ. ಜೋರು ಮಳೆಯ ರಾತ್ರಿ ನೀರು ಕಂಡದ್ದು ಅಲ್ಲಿಯೇ: ಕಿಟಕಿಯ ಕೆಳ ಅಂಚಿನ ಹೊಲಿಗೆಯಲ್ಲಿ ಹನಿಗಳು ಮಣಿಗಳಂತೆ ಸಾಲುಗಟ್ಟಿ, ಒಂದೊಂದಾಗಿ ಒಳಗೋಡೆಯ ಮೇಲೆ ಜಾರುತ್ತಿದ್ದವು. ಬಟ್ಟೆಯಲ್ಲಿ ದೋಷವಿರಲಿಲ್ಲ, ಆ ಒಂದು ಹೊಲಿಗೆಯ ಒಳಬದಿಗೆ ಅಂಟಿಸಬೇಕಾಗಿದ್ದ ಟೇಪು ಇರಲಿಲ್ಲ. ಸೀಮ್ ಸೀಲರ್ ಎಂಬ ಅಂಟನ್ನು ತೆಳುವಾಗಿ ಬಳಿದು ಒಣಗಿಸಿದ ಮೇಲೆ ಸೋರಿಕೆ ನಿಂತಿದೆ. ಆದರೂ ಹೊಸ ಟೆಂಟು ಕೊಂಡವರು ಮೊದಲ ಕೆಲಸವಾಗಿ ಸೀಲರ್ ಹುಡುಕಬೇಕಾಗಿ ಬರುವುದು ತಯಾರಕರಿಗೆ ಶೋಭೆ ತರುವ ಸಂಗತಿಯಲ್ಲ.

ಚೀಟಿಯ ಮೇಲೆ ಮೇಲುಹೊದಿಕೆಗೆ 1500 ಮಿ.ಮೀ. ಎಂದು ನಮೂದಿಸಲಾಗಿದೆ. ಒಂದೂವರೆ ಮೀಟರ್ ಎತ್ತರದ ನೀರಿನ ಕಂಬದ ಒತ್ತಡವನ್ನು ಬಟ್ಟೆ ತಡೆಯುತ್ತದೆ ಎಂಬುದು ಇದರರ್ಥ. ಸಾಧಾರಣ ಮಳೆಗೆ ಇಷ್ಟು ಸಾಕಾಗುತ್ತದೆ. ಒದ್ದೆ ನೆಲದ ಮೇಲೆ ಮಂಡಿಯೂರಿದಾಗ ಬೀಳುವ ಒತ್ತಡ ಮಳೆಹನಿಯದಕ್ಕಿಂತ ಬಹಳ ಹೆಚ್ಚಾದ್ದರಿಂದ ನೆಲಹಾಸಿನ ಸಂಖ್ಯೆ ಇದಕ್ಕಿಂತ ದೊಡ್ಡದಿರಬೇಕು. ಈ ಟೆಂಟಿನ ನೆಲ ಟಾರ್ಪಾಲಿನ್‌ನಂಥ ನೇಯ್ದ ಪಾಲಿಥೀನ್‌ನದು. ಮಡಚಿದಾಗ ಗಾತ್ರ ದೊಡ್ಡದಾಗುತ್ತದೆ, ತುಳಿದಾಗ ಚರಚರ ಸದ್ದು ಮಾಡುತ್ತದೆ, ಆದರೆ ನೀರನ್ನು ಒಳಗೆ ಬಿಡುವುದಿಲ್ಲ. ನೆಲಹಾಸು ಗೋಡೆಯ ಬುಡದಲ್ಲಿ ಕೆಲವು ಇಂಚು ಮೇಲಕ್ಕೆ ಮಡಚಿಕೊಂಡು ತೊಟ್ಟಿಯ ಆಕಾರ ಪಡೆದಿರುವುದು ಮೆಚ್ಚಬೇಕಾದ ಅಂಶ. ಟೆಂಟಿನ ಅಡಿಗೆ ಇನ್ನೊಂದು ಹಾಳೆ ಹಾಸುವವರು ಅದು ಟೆಂಟಿನ ನೆಲಕ್ಕಿಂತ ಸ್ವಲ್ಪ ಚಿಕ್ಕದಾಗಿರುವಂತೆ ನೋಡಿಕೊಳ್ಳಬೇಕು. ಹೊರಗೆ ಚಾಚಿಕೊಂಡರೆ ಗೋಡೆಯಿಂದ ಇಳಿದ ನೀರೆಲ್ಲ ಆ ಹಾಳೆಯ ಮೇಲೆ ಬಿದ್ದು ನೇರವಾಗಿ ಟೆಂಟಿನ ಅಡಿಗೆ ಸೇರುತ್ತದೆ.

ಬೆಳಗಿನ ಜಾವ ಒಳಗೆ ತೇವ ಕಂಡೊಡನೆ ಟೆಂಟು ಸೋರುತ್ತಿದೆ ಎಂದು ಮಾರಾಟಗಾರರನ್ನು ಬೈಯುವವರು ಬಹಳ ಮಂದಿ ಇದ್ದಾರೆ. ನಾಲ್ವರು ರಾತ್ರಿಯಿಡೀ ಬಿಡುವ ಉಸಿರಿನಲ್ಲಿರುವ ತೇವಾಂಶ ತಣ್ಣಗಿನ ಮೇಲುಹೊದಿಕೆಯ ಒಳಬದಿಯಲ್ಲಿ ಹನಿಗಟ್ಟುವುದು ಸಹಜ. ಎರಡು ಪದರದ ಟೆಂಟಿನಲ್ಲಿ ಈ ಹನಿಗಳು ಎರಡರ ನಡುವೆ ಇಳಿದುಹೋಗುತ್ತವೆ, ಆದರೆ ಹಗ್ಗ ಸಡಿಲಾಗಿ ಹೊರಪದರ ಒಳಪದರಕ್ಕೆ ತಾಗಿದರೆ ತೇವ ಒಳಕ್ಕೆ ಬರುತ್ತದೆ. ಈ ಟೆಂಟಿನ ಛಾವಣಿ ಪೂರ್ತಿ ಜಾಲರಿ ಬಟ್ಟೆಯಾಗಿದ್ದು, ಮೇಲಿನ ಗಾಳಿಕಿಂಡಿಯನ್ನು ತೆರೆದಿಟ್ಟರೆ ತೊಂದರೆಯಿಲ್ಲ. ಚಳಿಯೆಂದು ಕಿಂಡಿಗಳನ್ನೆಲ್ಲ ಮುಚ್ಚುವುದರಿಂದ ತೇವ ಹೆಚ್ಚುತ್ತದೆಯೇ ಹೊರತು ಬೆಚ್ಚಗಾಗುವುದು ಅಷ್ಟಕ್ಕಷ್ಟೇ. ಬೆಚ್ಚಗಾಗಲೆಂದು ಒಳಗೆ ಒಲೆ ಅಥವಾ ಕೆಂಡ ಇಡುವುದಂತೂ ಕೂಡದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರಿಗೆ ಅದು ತಿಳಿಯುವುದೂ ಇಲ್ಲ.

ಪೋಲ್‌ಗಳ ವಿಷಯದಲ್ಲಿ ಅಗ್ಗದ ಟೆಂಟಿನ ಗುಟ್ಟು ಬಯಲಾಗುತ್ತದೆ. ಫೈಬರ್‌ಗ್ಲಾಸ್ ಪೋಲ್ ಬಾಗುವುದು ಸೊಗಸಾಗಿಯೇ, ಆದರೆ ಸೋತಾಗ ಲೋಹದ ಜೋಡಣೆಯ ಹತ್ತಿರ ಉದ್ದಕ್ಕೆ ಸೀಳಿ, ಕೈಗೆ ಚುಚ್ಚುವ ಸಣ್ಣ ಎಳೆಗಳನ್ನು ಬಿಡುತ್ತದೆ. ಅಲ್ಯೂಮಿನಿಯಂ ಪೋಲ್ ಮುರಿಯುವ ಮುನ್ನ ಹೆಚ್ಚಾಗಿ ಬಾಗುತ್ತದೆ, ಬಾಗಿದ ಜಾಗಕ್ಕೊಂದು ಕೊಳವೆಯ ತುಂಡು ತೊಡಿಸಿ ರಾತ್ರಿ ಕಳೆಯಬಹುದು, ಆದರೆ ಅದರ ಬೆಲೆ ಹೆಚ್ಚು. ವರ್ಷಕ್ಕೆ ಕೆಲವು ಬಾರಿ, ಮರಗಳ ಆಸರೆಯಿರುವ ಜಾಗಗಳಲ್ಲಿ ತಂಗುವ ಕುಟುಂಬಕ್ಕೆ ಫೈಬರ್‌ಗ್ಲಾಸ್ ಸಾಕು ಎಂಬುದು ನನ್ನ ಅಭಿಪ್ರಾಯ. ಬಯಲು ಗುಡ್ಡದ ಮೇಲೆ ತಂಗುವವರು ಈ ಟೆಂಟನ್ನು ಕೊಳ್ಳಬಾರದು. ಎರಡೇ ಪೋಲ್‌ಗಳು ನೆತ್ತಿಯಲ್ಲಿ ದಾಟುವ ಇಷ್ಟು ಎತ್ತರದ ಡೋಮ್, ಬಿರುಗಾಳಿಗೆ ಒಂದು ಬದಿಗೆ ಅಪ್ಪಚ್ಚಿಯಾಗುತ್ತದೆ. ಜೊತೆಗೆ ಬರುವ ಗೂಟಗಳು ಸಣ್ಣ ತಂತಿಯವು, ಗಟ್ಟಿ ನೆಲದಲ್ಲಿ ಮೊದಲ ಪೆಟ್ಟಿಗೇ ಸೊಟ್ಟಗಾಗುತ್ತವೆ. ದಪ್ಪನೆಯ ಗೂಟಗಳನ್ನು ಬೇರೆಯಾಗಿ ಕೊಂಡು, ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಬಡಿದರೆ ಹಗ್ಗ ಎಳೆದಾಗ ಅವು ಕಿತ್ತು ಬರುವುದಿಲ್ಲ.

ಇತರ ಬಗೆಗಳಲ್ಲಿ ಸುರಂಗದಂತೆ ಉದ್ದನೆಯ ಟನಲ್ ಟೆಂಟು ಒಳಜಾಗದ ಲೆಕ್ಕದಲ್ಲಿ ಡೋಮ್‌ಗಿಂತ ಮೇಲು, ಆದರೆ ಗೂಟ ಹೊಡೆಯದೆ ನಿಲ್ಲುವುದಿಲ್ಲ. ಎಸೆದೊಡನೆ ಅರಳುವ ಪಾಪ್‌ಅಪ್ ಟೆಂಟು ಹಗಲಿನ ನೆರಳಿಗಷ್ಟೇ ಲಾಯಕ್ಕು. ಅದನ್ನು ಮತ್ತೆ ವೃತ್ತಾಕಾರಕ್ಕೆ ಮಡಚಲು ಕಲಿಯುವುದು ಬೇರೆಯೇ ಒಂದು ವಿದ್ಯೆ.

ಟೆಂಟಿನಲ್ಲಿ ಉಳಿಸಿದ ಹಣವನ್ನು ಹಾಸಿಗೆಗೆ ಹಾಕುವುದು ಜಾಣತನ. ಮೈಯ ಶಾಖವನ್ನು ನೆಲ ಹೀರುತ್ತದೆ, ಸ್ಲೀಪಿಂಗ್ ಬ್ಯಾಗಿನ ಅಡಿಭಾಗ ಮೈಭಾರಕ್ಕೆ ಅದುಮಿಹೋಗಿ ಅದನ್ನು ತಡೆಯಲಾರದು. ಊದುವ ಅಗ್ಗದ ಗಾಳಿಹಾಸಿಗೆ ಮೆತ್ತಗಿದ್ದರೂ ಅದರೊಳಗಿನ ಗಾಳಿ ಅತ್ತಿತ್ತ ಚಲಿಸುವುದರಿಂದ ಬೆನ್ನು ತಣ್ಣಗಾಗುತ್ತದೆ. ಸುರುಳಿ ಸುತ್ತುವ ಸಾದಾ ಫೋಮ್ ಮ್ಯಾಟು ಅದಕ್ಕಿಂತ ಅಗ್ಗವಾಗಿಯೂ ಬೆಚ್ಚಗಾಗಿಯೂ ಇರುತ್ತದೆ. ಮಕ್ಕಳಿಗೆ ಬಯಲಿನ ರಾತ್ರಿ ಹಿಡಿಸುವುದೋ ಇಲ್ಲವೋ ತಿಳಿಯದ ಮನೆಯವರು ಮೊದಲ ಬಾರಿಗೆ ಟೆಂಟನ್ನು ಬಾಡಿಗೆಗೆ ತಂದು, ಮನೆಗೆ ಹತ್ತಿರವಿರುವ ಜಾಗದಲ್ಲಿ ಒಂದು ರಾತ್ರಿ ಕಳೆದು ನೋಡುವುದು ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ.

ಬಾಳಿಕೆಯ ಬಗ್ಗೆ ಹೇಳುವುದಾದರೆ, ಬಟ್ಟೆಯ ಒಳಬದಿಯಲ್ಲಿ ನೀರು ತಡೆಯುವ ಪಾಲಿಯುರಿಥೇನ್ ಲೇಪನ ತೇವದಲ್ಲಿ ಮಡಚಿಟ್ಟರೆ ಕ್ರಮೇಣ ಅಂಟಂಟಾಗಿ ಹುಳಿ ವಾಸನೆ ಹಿಡಿಯುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ. ಮನೆಗೆ ಬಂದ ದಿನವೇ ನೆರಳಿನಲ್ಲಿ ಹರವಿ, ಹೊಲಿಗೆಗಳೂ ಒಣಗಿದ ಮೇಲೆ ಒಳಗಿಡಬೇಕು. ಚೀಲವನ್ನು ಎಷ್ಟು ಬಿಗಿಯಾಗಿ ಹೊಲಿದಿದ್ದಾರೆಂದರೆ ಕಾರ್ಖಾನೆಯಲ್ಲಿ ಮಡಚಿದಂತೆ ಮತ್ತೆ ಮಡಚುವುದು ಸಾಧ್ಯವಿಲ್ಲ. ನಾವು ಹಳೆಯ ದೊಡ್ಡ ಬಟ್ಟೆಚೀಲವೊಂದನ್ನು ಬಳಸುತ್ತಿದ್ದೇವೆ. ಬಿಡಿ ಪೋಲ್‌ಗಳನ್ನು ತಯಾರಕರು ಮಾರುವುದಿಲ್ಲ. ಆದ್ದರಿಂದ ಕೊಂಡ ದಿನವೇ ಪೋಲ್‌ನ ದಪ್ಪವನ್ನೂ ತುಂಡಿನ ಉದ್ದವನ್ನೂ ಅಳೆದು ಚೀಲದ ಒಳಬದಿಯಲ್ಲಿ ಬರೆದಿಟ್ಟರೆ, ಮುರಿದಾಗ ಅದೇ ಅಳತೆಯ ಬೇರೆ ತಯಾರಿಕೆಯ ತುಂಡನ್ನು ತಂದು ಜೋಡಿಸಿಕೊಳ್ಳಬಹುದು.