ದಾವಣಗೆರೆಯ ಗೈಡ್ ಕ್ಯಾಪ್ಟನ್ ಬಳಗ: ಸೇರಬೇಕಾ, ಬೇಡ್ವಾ?

ಶಾಲೆಯಲ್ಲಿ ಗೈಡ್ಸ್ (ಸ್ಕೌಟ್ಸ್ ಥರದ್ದೇ ಹುಡುಗಿಯರ ದಳ) ಜವಾಬ್ದಾರಿ ಹೊತ್ತಿರುವ ಟೀಚರ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ "ಮೇಡಂ, ಈ ವರ್ಷ ಗೈಡ್ಸ್ ನೀವೇ ನೋಡ್ಕೊಳ್ಳಿ" ಅಂತ ಎಚ್.ಎಂ. ಹೇಳಿದ ಮೇಲೆ, ಯಾರನ್ನು ಕೇಳಬೇಕು ಅಂತಲೇ ಗೊತ್ತಾಗದೆ ಕೂತಿರುವವರಿಗೆ. ದಾವಣಗೆರೆಯಲ್ಲಿ ನಮ್ಮಂಥ ಗೈಡ್ ಕ್ಯಾಪ್ಟನ್‌ಗಳದ್ದೇ ಒಂದು ಬಳಗ ಇದೆ. ತಿಂಗಳಿಗೊಮ್ಮೆ ಭಾನುವಾರ ಸೇರುತ್ತದೆ. ಬೋರ್ಡು ಇಲ್ಲ, ಅಧ್ಯಕ್ಷರು ಇಲ್ಲ, ರಸೀದಿ ಪುಸ್ತಕ ಇಲ್ಲ. ಯಾರಾದರೂ ಒಬ್ಬರ ಶಾಲೆಯ ಕೊಠಡಿ, ಚಹಾ-ಮಂಡಕ್ಕಿಗೆ ತಲಾ 50 ರೂಪಾಯಿ, ಮಧ್ಯಾಹ್ನದವರೆಗೆ ಮಾತು. ಅಷ್ಟೇ. ನಾನು ಸೇರಿ ವರ್ಷದ ಮೇಲಾಯಿತು. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದನ್ನು ಯಾಕೆ ಹಿಡಿದುಕೊಂಡೆ ಅನ್ನುವುದನ್ನೂ ಹೇಳುತ್ತೇನೆ.

ಮೊದಲಿಗೆ, ತರಬೇತಿ ಇರುವಾಗ ಇದು ಯಾಕೆ ಅಂತ ಕೇಳುವವರಿದ್ದಾರೆ. ತರಬೇತಿ ಬೇಕೇ ಬೇಕು. ಬೇಸಿಕ್ ಕೋರ್ಸ್‌ನಲ್ಲಿ ಪ್ರತಿಜ್ಞೆ, ನಿಯಮ, ಧ್ವಜ, ಗಂಟುಗಳು, ಪ್ಯಾಟ್ರೋಲ್ ಪದ್ಧತಿ ಎಲ್ಲವನ್ನೂ ಕೈಹಿಡಿದು ಕಲಿಸುತ್ತಾರೆ. ಅದಾದ ಮೇಲೆ ಅಡ್ವಾನ್ಸ್ಡ್ ಕೋರ್ಸ್, ಆಮೇಲೆ ಹಿಮಾಲಯ ವುಡ್ ಬ್ಯಾಡ್ಜ್. ಅವಕಾಶ ಸಿಕ್ಕರೆ ಒಂದನ್ನೂ ಬಿಡಬೇಡಿ. ಆದರೆ ತರಬೇತಿ ಮುಗಿಸಿ ಶಾಲೆಗೆ ಬಂದ ಮೇಲೆ ನೀವು ಒಬ್ಬರೇ. ನಾನು ಗಣಿತದ ಟೀಚರ್. ಪಾಠದಲ್ಲಿ ಏನಾದರೂ ತೊಡಕು ಬಂದರೆ ಸ್ಟಾಫ್ ರೂಮಿನಲ್ಲಿ ಇನ್ನೊಬ್ಬ ಗಣಿತದ ಮೇಷ್ಟ್ರು ಇರುತ್ತಾರೆ. ಗೈಡ್ ಕ್ಯಾಪ್ಟನ್ ಮಾತ್ರ ಇಡೀ ಶಾಲೆಗೆ ಒಬ್ಬಳೇ. ಎರಡು ಮೂರು ವರ್ಷದಲ್ಲಿ ಎಷ್ಟೋ ಒಳ್ಳೆಯ ಕ್ಯಾಪ್ಟನ್‌ಗಳು ಸುಮ್ಮನಾಗಿಬಿಡುವುದು ಇದೇ ಕಾರಣಕ್ಕೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಈ ಬಳಗದಿಂದ ನನಗೆ ಸಿಕ್ಕ ದೊಡ್ಡ ಲಾಭ ಯಾವುದು ಗೊತ್ತಾ? ಹೂಗುಚ್ಛದ ಸಾಲಿನಿಂದ ನಮ್ಮ ಹುಡುಗಿಯರನ್ನು ಹೊರಗೆ ತಂದದ್ದು. ಕ್ಯಾಪ್ಟನ್ ಆದವರಿಗೆಲ್ಲ ಈ ಮಾತು ತಕ್ಷಣ ಅರ್ಥವಾಗುತ್ತದೆ. ಶಾಲೆಗೆ ಅತಿಥಿಗಳು ಬರುತ್ತಾರೆ ಅಂದರೆ ಗೈಡ್ಸ್ ಯೂನಿಫಾರ್ಮ್ ಹಾಕಿಸಿ ಎರಡು ಸಾಲು ನಿಲ್ಲಿಸುತ್ತಾರೆ. ಒಬ್ಬಳ ಕೈಯಲ್ಲಿ ಆರತಿ ತಟ್ಟೆ, ಇನ್ನೊಬ್ಬಳ ಕೈಯಲ್ಲಿ ಹೂಗುಚ್ಛ. ಅತಿಥಿ ಬರುವುದು ಒಂದೂವರೆ ತಾಸು ತಡ. ಹುಡುಗಿಯರು ಬಿಸಿಲಿನಲ್ಲಿ ನಿಂತೇ ಇರುತ್ತಾರೆ. ಆಗಸ್ಟ್ 15, ಜನವರಿ 26, ವಾರ್ಷಿಕೋತ್ಸವ, ಎಲ್ಲದರಲ್ಲೂ ಇದೇ ಕಥೆ. ನನಗೆ ಒಳಗೊಳಗೇ ಸಂಕಟ. ಎಚ್.ಎಂ. ಕೆಟ್ಟವರಲ್ಲ. ಗೈಡ್ಸ್ ಅಂದರೆ ಇದೇ ಅಂತ ಅವರು ನಂಬಿದ್ದಾರೆ, ಯಾರೂ ಅವರಿಗೆ ಬೇರೆಯದನ್ನು ತೋರಿಸಿಲ್ಲ.

ಬಳಗದಲ್ಲಿ ಇದನ್ನು ಹೇಳಿಕೊಂಡಾಗ ಕೊಠಡಿಯಲ್ಲಿದ್ದ ಪ್ರತಿಯೊಬ್ಬರೂ ತಲೆ ಆಡಿಸಿದರು. ನಿವೃತ್ತಿಯಾದ ಒಬ್ಬ ಹಿರಿಯ ಕ್ಯಾಪ್ಟನ್ ಬರುತ್ತಾರೆ, ಎಲ್ಲರೂ ಅವರನ್ನು ಅಕ್ಕಾರೇ ಅಂತಲೇ ಕರೆಯುವುದು. ಅವರು ಹೇಳಿದರು: "ಆಗಲ್ಲ ಅಂತ ಹೇಳ್ಬ್ಯಾಡಮ್ಮ. ಅದರ ಬದಲು ಇದನ್ನ ಮಾಡ್ತೀವಿ ಅಂತ ಹೇಳು. ಹುಡುಗೀರೇ ಬಂದು ಹೇಳಲಿ." ಆಮೇಲೆ ಹೇಗೆ ಹೇಳಿಸಬೇಕು ಅನ್ನುವುದನ್ನೂ ಅಲ್ಲೇ ಕೂತು ತಯಾರು ಮಾಡಿದೆವು.

ಗೈಡ್ಸ್‌ನಲ್ಲಿ ಕೋರ್ಟ್ ಆಫ್ ಆನರ್ ಅಂತ ಒಂದು ಪದ್ಧತಿ ಇದೆ. ಆರರಿಂದ ಎಂಟು ಹುಡುಗಿಯರಿಗೆ ಒಂದು ಪ್ಯಾಟ್ರೋಲ್, ಅದಕ್ಕೊಬ್ಬಳು ಲೀಡರ್. ಆ ಲೀಡರ್‌ಗಳೆಲ್ಲ ಕೂತು ಕಂಪನಿಯ, ಅಂದರೆ ಶಾಲೆಯ ಇಡೀ ಗೈಡ್ಸ್ ಗುಂಪಿನ, ವಿಷಯ ತೀರ್ಮಾನಿಸುತ್ತಾರೆ. ಕ್ಯಾಪ್ಟನ್ ಸಲಹೆ ಕೊಡಬೇಕು, ಹುಕುಂ ಮಾಡಬಾರದು. ಬಹಳ ಶಾಲೆಗಳಲ್ಲಿ ಇದು ನೋಟ್ ಬುಕ್‌ನಲ್ಲಿ ಮಾತ್ರ ಇರುತ್ತದೆ. ನಮ್ಮ ಹುಡುಗಿಯರು ನಿಜವಾಗಲೂ ಕೂತು ಮಾತಾಡಿದರು. ಕ್ರೀಡಾಕೂಟದ ದಿನ ಸಾಲು ನಿಲ್ಲುವ ಬದಲು ಪ್ರಥಮ ಚಿಕಿತ್ಸೆಯ ಟೇಬಲ್, ನೀರಿನ ವ್ಯವಸ್ಥೆ ಎರಡನ್ನೂ ನಾವೇ ನೋಡಿಕೊಳ್ಳುತ್ತೇವೆ ಅಂತ ಬರೆದು ಎಚ್.ಎಂ. ಕೈಗೆ ಕೊಟ್ಟರು. ಅವರು ಎರಡು ಸಲ ಓದಿ ಸಹಿ ಹಾಕಿದರು.

ಅವತ್ತು ಖೋ ಖೋದಲ್ಲಿ ಮಂಡಿ ತರಚಿಕೊಂಡವರು, ಬಿಸಿಲಿಗೆ ತಲೆ ಸುತ್ತಿದವರು ಎಲ್ಲ ಆ ಟೇಬಲ್‌ಗೇ ಬಂದರು. ಕಬಡ್ಡಿಯಲ್ಲಿ ಬಿದ್ದ ಹುಡುಗನ ಮುಂಗೈ ಊದಿಕೊಂಡಿತ್ತು. ಒಂಬತ್ತನೇ ಕ್ಲಾಸಿನ ನಮ್ಮ ಹುಡುಗಿ ತನ್ನ ಕೊರಳಿನ ಸ್ಕಾರ್ಫ್ ಬಿಚ್ಚಿ ಜೋಳಿಗೆ ಕಟ್ಟಿದಳು. ಗಂಟು ರೀಫ್ ನಾಟ್. ಚಪ್ಪಟೆಯಾಗಿ ಕೂರುತ್ತದೆ, ಒತ್ತುವುದಿಲ್ಲ, ಬಿಚ್ಚಲೂ ಸುಲಭ. ಮೂಗಿನಲ್ಲಿ ರಕ್ತ ಬಂದವನು ತಲೆ ಹಿಂದಕ್ಕೆ ಬಾಗಿಸಲು ಹೋದ. ಇನ್ನೊಬ್ಬಳು ತಡೆದು, ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತಗಿನ ಭಾಗವನ್ನು ಹಿಡಿಸಿದಳು. ಪಿ.ಇ. ಸರ್ ನಿಂತು ನೋಡುತ್ತಿದ್ದರು. ಮುಂದಿನ ಕಾರ್ಯಕ್ರಮಕ್ಕೆ ಅವರೇ ಬಂದು "ನಿಮ್ಮ ಗೈಡ್ಸ್ ಬೇಕು ಮೇಡಂ" ಅಂದರು.

ಎರಡನೆಯದು, ಬೇರೆ ಕಡೆ ಬಾಯಿಬಿಟ್ಟು ಮಾತಾಡಲಾಗದ ವಿಷಯಗಳು. ಗೈಡ್ಸ್ ಅಂದರೆ ಹತ್ತು ವರ್ಷದ ಮೇಲಿನ ಹುಡುಗಿಯರು. ಕೆಲವರಿಗೆ ಮೊದಲ ಸಲ ಮುಟ್ಟಾಗುವುದೇ ಕ್ಯಾಂಪಿನಲ್ಲಿ, ಮನೆಯಿಂದ ದೂರ, ಅಮ್ಮ ಇಲ್ಲದ ಜಾಗದಲ್ಲಿ. ಆಗ ಕ್ಯಾಪ್ಟನ್ ಏನು ಮಾಡಬೇಕು? ಬಳಗದ ಒಂದು ಭಾನುವಾರ ಪೂರ್ತಿ ಇದರ ಬಗ್ಗೆಯೇ ಮಾತಾಡಿದೆವು. ಕ್ಯಾಂಪಿಗೆ ಹೋಗುವ ಮೊದಲು ಎಲ್ಲ ಹುಡುಗಿಯರಿಗೂ, ಇನ್ನೂ ಶುರುವಾಗದವರಿಗೂ, ಒಂದು ಚೀಲ ಕೊಡಿ. ಎರಡು ಪ್ಯಾಡ್, ಒಂದು ಒಳಉಡುಪು, ಹಳೆಯ ಪೇಪರ್, ಸೋಪಿನ ತುಂಡು. ಎಲ್ಲರ ಬಳಿಯೂ ಇದ್ದರೆ ಯಾರಿಗೂ ನಾಚಿಕೆ ಇಲ್ಲ. ಶುಚಿ ಯೋಜನೆಯ ಪ್ಯಾಡ್ ಶಾಲೆಯಲ್ಲಿದ್ದರೆ ಅದನ್ನೇ ತನ್ನಿ. ಬಳಸಿದ್ದನ್ನು ಎಲ್ಲಿ ಹಾಕಬೇಕು ಅನ್ನುವುದನ್ನು ಮೊದಲ ಗಂಟೆಯಲ್ಲೇ ತೋರಿಸಿ. ಮುಟ್ಟಾದ ದಿನ ಪೂಜೆ, ಪ್ರಾರ್ಥನೆ, ಅಡುಗೆ ಯಾವುದರಿಂದಲೂ ಹುಡುಗಿಯನ್ನು ದೂರ ಕೂರಿಸಬೇಡಿ. ಈ ಕೊನೆಯ ಮಾತಿಗೆ ಬಳಗದಲ್ಲೇ ಎಲ್ಲರೂ ಒಪ್ಪಲಿಲ್ಲ. ಜೋರಾಗಿ ಚರ್ಚೆ ಆಯಿತು. ದೂರ ಕೂರಿಸಬಾರದು ಅನ್ನುವ ಅಕ್ಕನವರ ಪಕ್ಷ ನಾನು. ಕ್ಯಾಂಪಿನಲ್ಲಿ ದೂರ ಕೂರಿಸಿದ ಹುಡುಗಿ ಮುಂದಿನ ಕ್ಯಾಂಪಿಗೆ ಬರುವುದಿಲ್ಲ.

ಇದೇ ಥರ ಇನ್ನೊಂದು. ಹುಡುಗಿ ಬಂದು ಮನೆಯಲ್ಲಿ ನಡೆದ ಕೆಟ್ಟದ್ದನ್ನು ಹೇಳಿಕೊಂಡರೆ? ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ, ನಿನ್ನನ್ನು ನಂಬುತ್ತೇನೆ ಅಂತ ಹೇಳಿ, ಮತ್ತೆ ಮತ್ತೆ ಕೆದಕಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಈ ನಾಲ್ಕು ಮಾತು ನನ್ನ ಡೈರಿಯ ಮೊದಲ ಪುಟದಲ್ಲಿವೆ.

ಹೊರಸಂಚಾರದ ವಿಷಯಕ್ಕೆ ಬಂದರೆ, ನಮ್ಮ ಅದೃಷ್ಟ ದೊಡ್ಡದು. ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಕೆರೆ, ಗುಡ್ಡ, ಸ್ಕೌಟ್ಸ್ ಗೈಡ್ಸ್ ಶಿಬಿರದ ಜಾಗ ಎಲ್ಲ ಇದೆ. ಸ್ವಲ್ಪ ದೂರ ಹೋದರೆ ಚಿತ್ರದುರ್ಗದ ಕೋಟೆ, ಚಂದ್ರವಳ್ಳಿ. ಬಳಗದವರೇ ಎರಡು ಮೂರು ಶಾಲೆ ಸೇರಿ ಹೋಗುವ ಯೋಜನೆ ಮಾಡುತ್ತಾರೆ. ಒಂದು ಶಾಲೆಗೆ ಬಸ್ಸಿನ ಬಾಡಿಗೆ ಭಾರ, ಮೂರು ಶಾಲೆ ಸೇರಿದರೆ ಹಗುರ. ಜೊತೆಗೆ ಮಹಿಳಾ ಸಿಬ್ಬಂದಿ ಜಾಸ್ತಿ ಸಿಗುತ್ತಾರೆ. ಪಾಲಕರ ಒಪ್ಪಿಗೆ ಪತ್ರದ ಒಂದು ಒಳ್ಳೆಯ ನಮೂನೆ ಬಳಗದಲ್ಲಿದೆ. ಹುಡುಗಿಯ ರಕ್ತದ ಗುಂಪು, ಅಲರ್ಜಿ, ದಿನಾ ತೆಗೆದುಕೊಳ್ಳುವ ಮಾತ್ರೆ, ಎರಡು ಫೋನ್ ನಂಬರ್ ಎಲ್ಲ ಅದರಲ್ಲಿ ಬರುತ್ತದೆ. ನಾನು ಈಗ ಅದನ್ನೇ ಬಳಸುತ್ತೇನೆ.

ಕೋಟೆಗೆ ಹೋದಾಗ ಕಲಿತದ್ದು ಬಹಳ. ದಾರಿ ಗುರುತಿನ ಆಟಕ್ಕೆ ಸೀಮೆಸುಣ್ಣ ತರಬೇಡಿ ಅಂತ ಬಳಗದವರು ಮೊದಲೇ ಹೇಳಿದ್ದರು. ಅದು ಸಂರಕ್ಷಿತ ಸ್ಮಾರಕ, ಬಂಡೆಯ ಮೇಲೆ ಒಂದು ಗೆರೆಯನ್ನೂ ಎಳೆಯಬಾರದು. ಬಿದ್ದ ಕಡ್ಡಿ, ಸಣ್ಣ ಕಲ್ಲುಗಳಲ್ಲೇ ಬಾಣದ ಗುರುತು ಮಾಡಿ, ಹಿಂದೆ ಬರುವ ಪ್ಯಾಟ್ರೋಲ್ ಅದನ್ನು ಅಳಿಸುತ್ತಾ ಬಂತು. ಮೇಲೆ ದೇವಸ್ಥಾನದ ಹತ್ತಿರ ಕಲ್ಲಿನ ಉಯ್ಯಾಲೆ ಕಂಬ ಇದೆಯಲ್ಲ, ಅದರ ಎತ್ತರ ಅಂದಾಜು ಮಾಡಿ ಅಂದೆ. ಒಂದು ಮೀಟರ್ ಕೋಲು ನಿಲ್ಲಿಸಿ ಅದರ ನೆರಳು ಅಳೆದರು, ಕಂಬದ ನೆರಳು ಅಳೆದರು, ಲೆಕ್ಕ ಹಾಕಿದರು. ಕ್ಲಾಸಿನಲ್ಲಿ ಸಮರೂಪ ತ್ರಿಭುಜ ಅಂದರೆ ಮುಖ ತಿರುಗಿಸುತ್ತಿದ್ದ ಹುಡುಗಿಯೇ ಎಲ್ಲರಿಗಿಂತ ಮೊದಲು ಉತ್ತರ ಹೇಳಿದಳು. ಗಣಿತದ ಟೀಚರ್‌ಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ. ಓಬವ್ವನ ಕಿಂಡಿಯ ಹತ್ತಿರ ಅರ್ಧ ಗಂಟೆ ಕೂತೆವು. ಕಥೆ ಹೇಳಲು ನಾನು ಬಾಯಿ ತೆರೆಯುವ ಮೊದಲೇ ಚಿತ್ರದುರ್ಗದ ಶಾಲೆಯ ಹುಡುಗಿಯರು ಶುರು ಮಾಡಿಬಿಟ್ಟರು.

ಫೆಬ್ರವರಿ 22ರ ಚಿಂತನಾ ದಿನವನ್ನೂ ಬಳಗ ಸೇರಿಯೇ ಮಾಡುತ್ತದೆ. ಸ್ಕೌಟ್ಸ್ ಶುರು ಮಾಡಿದ ಬೇಡನ್ ಪೊವೆಲ್, ಅವರ ಹೆಂಡತಿ ಓಲೇವ್ ಇಬ್ಬರ ಹುಟ್ಟಿದ ದಿನವೂ ಅದೇ. ಅವತ್ತು ಭಾಷಣ ಕಡಿಮೆ, ಕಥೆ ಜಾಸ್ತಿ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್ ಹುಡುಗರ ರ‍್ಯಾಲಿಗೆ ಕರೆಯದೇ ಬಂದ ಹುಡುಗಿಯರು ನಾವೂ ಸ್ಕೌಟ್‌ಗಳೇ ಅಂದದ್ದು, ಮರುವರ್ಷ ಅವರಿಗಾಗಿ ಗರ್ಲ್ ಗೈಡ್ಸ್ ಶುರುವಾದದ್ದು, 1911ರಲ್ಲಿ ಅದು ಜಬಲ್ಪುರಕ್ಕೆ ಬಂದದ್ದು, 1912ರಲ್ಲಿ ಅಮೆರಿಕದ ಸವಾನಾದಲ್ಲಿ ಜೂಲಿಯೆಟ್ ಗಾರ್ಡನ್ ಲೋ 18 ಹುಡುಗಿಯರೊಂದಿಗೆ ಆರಂಭಿಸಿದ್ದು. ಹೂಗುಚ್ಛ ಹಿಡಿದು ನಿಂತು ಅಭ್ಯಾಸವಾದ ಹುಡುಗಿಯರಿಗೆ ಆ ಕರೆಯದೇ ಬಂದವರ ಕಥೆ ಬಹಳ ಹಿಡಿಸಿತು. ಪುಣೆಯಲ್ಲಿ 1966ರಿಂದ ಸಂಗಮ್ ಅನ್ನುವ ಗೈಡ್ಸ್ ವಿಶ್ವ ಕೇಂದ್ರ ಇದೆ. ಇಲ್ಲಿಂದ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಪುಣೆ. ಒಮ್ಮೆ ಹುಡುಗಿಯರನ್ನು ಕರೆದುಕೊಂಡು ಹೋಗಬೇಕು ಅಂತ ಬಳಗದಲ್ಲಿ ಈಗ ದುಡ್ಡು ಕೂಡಿಡುತ್ತಿದ್ದೇವೆ.

ಇನ್ನು ಆ ಒಂದು ನಕ್ಷತ್ರದ ವಿಷಯ.

ಬಳಗ ಸೇರುವುದು ಊರೊಳಗೆ. ವಿದ್ಯಾನಗರದವರಿಗೆ, ವಿನೋಬನಗರದವರಿಗೆ ಸುಲಭ. ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆ ಹಳ್ಳಿ ಶಾಲೆಗಳ ಟೀಚರ್‌ಗಳಿಗೆ ಭಾನುವಾರ ಇಡೀ ದಿನ ಹೋಗುತ್ತದೆ. ಮನೆಗೆಲಸ ಮಾಡಿಟ್ಟು, ಎರಡು ಬಸ್ ಬದಲಿಸಿ ಬರುವಷ್ಟರಲ್ಲಿ ಅರ್ಧ ಮಾತು ಮುಗಿದಿರುತ್ತದೆ. ಸಹಾಯ ಹೆಚ್ಚು ಬೇಕಾದವರು ಅವರೇ ಅಲ್ವಾ? ವರ್ಷದಲ್ಲಿ ಕೆಲವು ಸಲವಾದರೂ ತಾಲ್ಲೂಕಿಗೆ ಹೋಗಿ ಸೇರೋಣ ಅಂತ ನಾನು ಹೇಳುತ್ತಲೇ ಇದ್ದೇನೆ. ಇನ್ನೂ ಆಗಿಲ್ಲ.

ಇನ್ನೊಂದು, ಗೈಡ್ಸ್‌ಗೆ ರಾಜ್ಯ ಮಟ್ಟದಲ್ಲಿ ಕೊಡುವ ರಾಜ್ಯ ಪುರಸ್ಕಾರದ ಪರೀಕ್ಷೆ ಹತ್ತಿರ ಬಂದರೆ ಬಳಗದಲ್ಲಿ ಬೇರೆ ಮಾತೇ ಇರುವುದಿಲ್ಲ. ಲಾಗ್ ಬುಕ್ ಹೇಗಿರಬೇಕು, ಯಾವ ಫೋಟೋ ಅಂಟಿಸಬೇಕು, ಸರ್ಟಿಫಿಕೇಟ್ ಯಾವಾಗ ಬರುತ್ತದೆ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ, ತೃತೀಯ ಅಂತ ಮೆಟ್ಟಿಲು ಇಟ್ಟಿರುವುದು ಹುಡುಗಿ ಒಂದೊಂದಾಗಿ ಕಲಿಯಲಿ ಅಂತ. ಪಾಲಕರು ಸರ್ಟಿಫಿಕೇಟ್ ಕೇಳುತ್ತಾರೆ, ನಿಜ. ಆದರೆ ಆ ಎರಡು ತಿಂಗಳು ಪ್ರವೇಶದ ಹಂತದಲ್ಲಿರುವ ಪುಟ್ಟ ಹುಡುಗಿಯರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕಿವಿ ಕೇಳದ, ನಡೆಯಲು ಕಷ್ಟವಿರುವ ಹುಡುಗಿಯರನ್ನು ಕಂಪನಿಗೆ ಹೇಗೆ ಸೇರಿಸಿಕೊಳ್ಳಬೇಕು ಅನ್ನುವುದಕ್ಕೂ ಇನ್ನೂ ಒಂದು ಭಾನುವಾರ ಸಿಕ್ಕಿಲ್ಲ. ನನ್ನ ಕಂಪನಿಯಲ್ಲಿ ಅಂಥ ಒಬ್ಬಳಿದ್ದಾಳೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಯಾರು ಸೇರಬೇಕು? ಹೊಸದಾಗಿ ಕ್ಯಾಪ್ಟನ್ ಆದವರು ಖಂಡಿತ. ಬುಲ್‌ಬುಲ್ ಮಕ್ಕಳನ್ನು (ಗೈಡ್ಸ್‌ಗಿಂತ ಚಿಕ್ಕ ಹುಡುಗಿಯರು) ನೋಡಿಕೊಳ್ಳುವ ಫ್ಲಾಕ್ ಲೀಡರ್‌ಗಳೂ ಬರುತ್ತಾರೆ, ಆದರೆ ಅವರಿಗೆ ಬೇಕಾದ ಆಟ, ಕಥೆಗಳು ಇಲ್ಲಿ ಕಡಿಮೆ. ಕೆಲಸ ಬಿಟ್ಟ, ನಿವೃತ್ತಿಯಾದ ಕ್ಯಾಪ್ಟನ್‌ಗಳು ದಯವಿಟ್ಟು ಬನ್ನಿ. ನಿಮ್ಮ ಅನುಭವ ನಮಗೆ ಬೇಕು. ಬರುವಾಗ ಒಂದು ನೋಟ್ ಬುಕ್, ಮೂರು ಮೀಟರ್ ಹತ್ತಿ ಹಗ್ಗ ಇರಲಿ. ಪ್ಲಾಸ್ಟಿಕ್ ಹಗ್ಗ ಬೇಡ, ಗಂಟು ಜಾರುತ್ತದೆ. ಪ್ರತಿ ಸಲ ಚಹಾ ಕುಡಿಯುವ ಮೊದಲು ಒಬ್ಬರು ಒಂದು ಗಂಟು ಹೇಳಿಕೊಡುತ್ತಾರೆ. ದಪ್ಪ ಹಗ್ಗಕ್ಕೆ ತೆಳು ಹಗ್ಗ ಸೇರಿಸುವ ಶೀಟ್ ಬೆಂಡ್ ನನ್ನ ಕೈಗೆ ಕೂತದ್ದು ಅಲ್ಲೇ. ಯಾವ ಭಾನುವಾರ, ಯಾವ ಶಾಲೆ ಅನ್ನುವುದು ದಾವಣಗೆರೆಯ ಯಾವ ಗೈಡ್ ಕ್ಯಾಪ್ಟನ್‌ಳನ್ನು ಕೇಳಿದರೂ ಗೊತ್ತಾಗುತ್ತದೆ.

ಚಿತ್ರದುರ್ಗದಿಂದ ಈಗ ಮೂರು ನಾಲ್ಕು ಜನ ಇಲ್ಲಿಗೇ ಬರುತ್ತಿದ್ದಾರೆ. ಅಲ್ಲೇ ಒಂದು ಬಳಗ ಶುರು ಮಾಡುವ ಮನಸ್ಸು ಅವರಿಗೂ ಇದೆ. ಮೊದಲ ಭಾನುವಾರ ಗೊತ್ತು ಮಾಡಿ ಹೇಳಿದರೆ ನಾವು ಐದಾರು ಜನ ಬೆಳಗಿನ ಬಸ್ಸಿಗೇ ಹೊರಡುತ್ತೇವೆ. ಅಕ್ಕನವರೂ ಬರುತ್ತೇನೆ ಅಂದಿದ್ದಾರೆ.