ರಟ್ಟಿನ ಆರ್ಯಭಟ: ಕಿಟ್ ಛಲೋ, ಒಳಗಿನ ಚೀಟಿ ಅಲ್ಲ

ಹುಬ್ಬಳ್ಳಿಯ ಕೊಪ್ಪೀಕರ್ ರೋಡ್, ಧಾರವಾಡದ ಸುಭಾಸ ರೋಡಿನ ಸ್ಟೇಷನರಿ ಅಂಗಡಿಗಳಲ್ಲಿ ವಿಜ್ಞಾನ ಮೇಳದ ಹೊತ್ತಿಗೆ ಬರುವ ಆರ್ಯಭಟ ಉಪಗ್ರಹದ ರಟ್ಟಿನ ಕಿಟ್, ಬೆಲೆ 180 ರೂಪಾಯಿ. ಅಳತೆ ಹತ್ತಕ್ಕೊಂದು. ಅಸಲಿಯ ಅಡ್ಡಳತೆ ಸುಮಾರು 1.4 ಮೀಟರ್, ಇದರದು 14 ಸೆಂಟಿಮೀಟರ್.

ಆಕಾರಕ್ಕೆ ಮೋಸವಿಲ್ಲ. ಒಟ್ಟು 26 ಮುಖ. ತುದಿ-ಬುಡದ ಎರಡು ಬಿಟ್ಟು ಉಳಿದ 24ಕ್ಕೂ ಸೌರಕೋಶಗಳ ಚೌಕಳಿ ಅಚ್ಚಾಗಿದೆ. ಹಳೆಯ ಎರಡು ರೂಪಾಯಿ ನೋಟಿನ ಬೆನ್ನಿಗಿರುವ ಆರ್ಯಭಟದ ಪಕ್ಕ ಇಟ್ಟು ನೋಡಬಹುದು.

ತ್ರಾಸು ಇರುವುದು ಮಡಿಕೆಯಲ್ಲಿ. ರಟ್ಟು 300 ಜಿಎಸ್‌ಎಂ (ಒಂದು ಚದರ ಮೀಟರಿಗೆ 300 ಗ್ರಾಂ ತೂಗುವಷ್ಟು ದಪ್ಪ), ಹಾಗೇ ಮಡಚಿದರೆ ಬಣ್ಣ ಒಡೆದು ಬಿಳಿ ಗೆರೆ ಏಳುತ್ತದೆ. ಸ್ಟೀಲ್ ಪಟ್ಟಿ ಇಟ್ಟು ಖಾಲಿ ರಿಫಿಲ್ಲಿನಿಂದ ಎರಡು ಸಲ ಒತ್ತಿ ಗೀರಿ, ಬ್ಲೇಡು ಬೇಡ. ನಡುವಿನ ಪಟ್ಟಿಯಲ್ಲಿ ಎಂಟು ಮಡಿಕೆ. ಒಂದೊಂದು ಅರ್ಧ ಮಿಲಿಮೀಟರ್ ಸರಿದರೂ ಕೊನೆಗೆ 4 ಮಿಲಿಮೀಟರ್ ಸಂದು ಬಾಯಿ ಬಿಡುತ್ತದೆ, ಆಮೇಲೆ ಮುಚ್ಚಳ ಏನು ಮಾಡಿದರೂ ಕೂರುವುದಿಲ್ಲ. ಫೆವಿಕಾಲ್ ಅಂಚಿನಲ್ಲಿರುವ ಅಂಟಿಸುವ ಕಿವಿಗಳಿಗೆ ಮಾತ್ರ, ಕಡ್ಡಿಯ ತುದಿಯಿಂದ ತೆಳ್ಳಗೆ. ಜಾಸ್ತಿಯಾದರೆ ನೀರು ಹೀರಿ ರಟ್ಟು ಸೊಟ್ಟಗಾಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಂತೂ ರಾತ್ರಿಯಿಡೀ ಒಣಗಲು ಬಿಡಬೇಕು. ಬುಡದ ಮುಚ್ಚಳ ಕಟ್ಟಕಡೆಗೆ ಅಂಟಿಸಿ, ಒಳಗಿನಿಂದ ಬೆರಳು ಹಾಕಿ ಸಂದು ಒತ್ತಲು ಅದೊಂದೇ ದಾರಿ. ಸೂಚನೆಯಲ್ಲಿ ಇದನ್ನು ಮೊದಲೇ ಅಂಟಿಸಲು ಹೇಳಿದ್ದಾರೆ!

ಇನ್ನು ವಿವರದ ಚೀಟಿ. ‘ಶ್ರೀಹರಿಕೋಟಾದಿಂದ ಹಾರಿತು’ ಅಂತಿದೆ. ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ ವಿಜ್ಞಾನಿ ಯು.ಆರ್. ರಾವ್ ಮುಂದಾಳತ್ವದಲ್ಲಿ ಕಟ್ಟಿದ 360 ಕೆಜಿಯ ಈ ಉಪಗ್ರಹ 1975ರ ಏಪ್ರಿಲ್ 19ರಂದು ಹಾರಿದ್ದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್‌ನಿಂದ, ಅವರದೇ ರಾಕೆಟ್ಟಿನಲ್ಲಿ. ‘17 ವರ್ಷ ಸಂಶೋಧನೆ ಮಾಡಿತು’ ಎಂಬುದು ಇನ್ನೂ ದೊಡ್ಡ ತಪ್ಪು. 1992ರ ಫೆಬ್ರುವರಿವರೆಗೆ ಕಕ್ಷೆಯಲ್ಲಿದ್ದದ್ದು ಹೌದು. ಆದರೆ ಒಳಗಿದ್ದ ಮೂರು ಪ್ರಯೋಗಗಳಿಗೆ, ಅಂದರೆ ಕ್ಷ-ಕಿರಣ ಖಗೋಳ, ಸೌರ ಭೌತಶಾಸ್ತ್ರ, ಮೇಲ್ವಾತಾವರಣದ ಅಧ್ಯಯನಕ್ಕೆ, ಕರೆಂಟ್ ಪೂರೈಕೆ ಕೆಟ್ಟು ನಾಲ್ಕೇ ದಿನಕ್ಕೆ ಕೆಲಸ ನಿಂತಿತು. ಭೂಮಿಯ ಒಂದು ಸುತ್ತಿಗೆ ಸುಮಾರು 96 ನಿಮಿಷ, ದಿನಕ್ಕೆ 15, ಆ ನಾಲ್ಕು ದಿನಕ್ಕೆ ಒಟ್ಟು 60 ಸುತ್ತು. ಕ್ಷ-ಕಿರಣ ನೋಡಲು ಮೇಲೇ ಯಾಕೆ ಹೋಗಬೇಕು ಎಂದು ಮೇಳದಲ್ಲಿ ಕೇಳಿಯೇ ಕೇಳುತ್ತಾರೆ: ವಾತಾವರಣ ಅದನ್ನು ನುಂಗಿಬಿಡುತ್ತದೆ, ನೆಲಕ್ಕೆ ಮುಟ್ಟುವುದಿಲ್ಲ. ಚೀಟಿಯಲ್ಲಿ ಇದರ ಸುದ್ದಿಯೇ ಇಲ್ಲ.

ಕಿಟ್ ತಗೊಳ್ಳಿ. ಮಾದರಿಯ ಕೆಳಗೆ ಆ ಚೀಟಿ ಮಾತ್ರ ಅಂಟಿಸಬೇಡಿ, ಬೇರೆ ಬರೆಯಿರಿ.